ಬಿಡಿ ಹಾಳೆಗಳನ್ನು ಜೋಡಿಸುವ ವಿದ್ಯೆ

“ಉಸ್ತಾದ್, ಬೀಜವಿಲ್ಲದ ದ್ರಾಕ್ಷಿಯನ್ನು ಹೇಗೆ ಬೆಳೆಸುತ್ತಾರೆ?” ತರಗತಿಯಲ್ಲಿ ಹುಡುಗನೊಬ್ಬ ಕೇಳಿದ. ಬಳ್ಳಿಯ ತುಂಡನ್ನು ನೆಟ್ಟು, ಎಂದೆ. ನಾನು ವಿಜ್ಞಾನ ಓದಿದವನಲ್ಲ. ಮದ್ರಸದಲ್ಲಿ ಕಲಿತು, ಆಮೇಲೆ ಬಿ.ಎ. ಮುಗಿಸಿದವನು. ಆದರೆ ಆ ಪ್ರಶ್ನೆ ನನ್ನನ್ನು ಓದಲು ಹಚ್ಚಿತು.

ತುಂಡಿನಿಂದ ಬೆಳೆದ ಬಳ್ಳಿ ತಾಯಿಬಳ್ಳಿಯ ಪಡಿಯಚ್ಚು. ತಾಯಿಗಿಲ್ಲದ ರೋಗನಿರೋಧಕ ಶಕ್ತಿ ಮಗಳಿಗೂ ಇಲ್ಲ. ಉತ್ತರ ಅಮೆರಿಕದ ಬೂದಿರೋಗ 1845ರಲ್ಲಿ ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡು ಯುರೋಪಿನ ತೋಟಗಳಿಗೆಲ್ಲ ಹಬ್ಬಿದ್ದು ಹೀಗೆಯೇ. ಅಲ್ಲಿನ ಬಳ್ಳಿಗಳಿಗೆ ಅದನ್ನು ಎದುರಿಸುವ ಶಕ್ತಿಯಿರಲಿಲ್ಲ. ಗಂಧಕ, ಔಷಧಿಗಳ ಸಿಂಪಡಣೆ ಇಂದಿಗೂ ತಪ್ಪಿಲ್ಲ. ನಮ್ಮ ವಿಜಯಪುರದ ಬೆಳೆಗಾರರಿಗೂ ಈ ಶತ್ರುವಿನ ಪರಿಚಯವಿದೆ. ಆದರೆ ಅಮೆರಿಕದ ಆಗ್ನೇಯ ಭಾಗದ ಒಂದು ಕಾಡುದ್ರಾಕ್ಷಿ ಇದಕ್ಕೆ ಜಗ್ಗದು. ಆ ಶಕ್ತಿ ಅದರ ಯಾವ ಜೀನ್‌ನಲ್ಲಿ ಅಡಗಿದೆ?

ಹುಡುಕುವುದು ಸುಲಭವಲ್ಲ. ದ್ರಾಕ್ಷಿಯ ಜೀವಕೋಶದಲ್ಲಿ 19 ಜೊತೆ ವರ್ಣತಂತುಗಳಿವೆ. ಒಂದು ಪ್ರತಿಯಲ್ಲೇ ಸುಮಾರು 50 ಕೋಟಿ ಅಕ್ಷರಗಳು. ವಿಜ್ಞಾನಿಗಳು ಈ ಡಿಎನ್‌ಎಯನ್ನು ಲಕ್ಷ ಅಕ್ಷರ ಅಥವಾ ಅದಕ್ಕೂ ಮಿಕ್ಕಿದ ತುಂಡುಗಳಾಗಿ ಕತ್ತರಿಸಿ, ಬ್ಯಾಕ್ಟೀರಿಯಾಗಳೊಳಗೆ ಸೇರಿಸಿ ಕಾಪಾಡಿದರು. ಆದರೆ ಕತ್ತರಿಸಿದಾಗ ಕ್ರಮ ಕಳೆದುಹೋಗುತ್ತದೆ. ಅದನ್ನು ಮರಳಿ ಕಟ್ಟುವುದಕ್ಕೇ ಭೌತಿಕ ನಕ್ಷೆ ಎನ್ನುತ್ತಾರೆ.

ಇದು ನನಗೆ ಅರ್ಥವಾದದ್ದು ಮದ್ರಸದ ಹಳೆಯ ಕಿತಾಬುಗಳಿಂದ. ಅವುಗಳಲ್ಲಿ ಪುಟದ ಕೆಳತುದಿಯಲ್ಲಿ ಮುಂದಿನ ಪುಟದ ಮೊದಲ ಪದವನ್ನು ಬರೆದಿರುತ್ತಾರೆ. ಹೊಲಿಗೆ ಬಿಚ್ಚಿ ಹಾಳೆಗಳು ಚದುರಿದರೂ ಆ ಪದ ಹಿಡಿದು ಜೋಡಿಸಬಹುದು. ಡಿಎನ್‌ಎಯ ಅನೇಕ ಪ್ರತಿಗಳನ್ನು ಬೇರೆ ಬೇರೆ ಕಡೆ ಕತ್ತರಿಸುವುದರಿಂದ ಒಂದು ತುಂಡಿನ ಕೊನೆ ಇನ್ನೊಂದರ ಆರಂಭದಲ್ಲೂ ಇರುತ್ತದೆ. ಕಿಣ್ವಗಳಿಂದ ಪ್ರತಿಯೊಂದು ತುಂಡಿನ ‘ಬೆರಳಚ್ಚು’ ತೆಗೆದು ಹೋಲಿಸಿದರೆ ನೆರೆಯ ತುಂಡು ಯಾವುದೆಂದು ತಿಳಿಯುತ್ತದೆ. ಮೊದಲೇ ಗೊತ್ತಿರುವ ಗುರುತುಗಳು ಆ ಸಾಲು ಯಾವ ವರ್ಣತಂತುವಿನದೆಂದು ಹೇಳುತ್ತವೆ.

2005ರಲ್ಲಿ ಕಾಡುದ್ರಾಕ್ಷಿಯ ಆ ಶಕ್ತಿಯಿರುವ ಜಾಗದ ನಕ್ಷೆ ಹೀಗೆ ಪ್ರಕಟವಾಯಿತು. 2007ರಲ್ಲಿ ಫ್ರಾನ್ಸ್ ಮತ್ತು ಇಟಲಿಯ ವಿಜ್ಞಾನಿಗಳು ಪಿನೊ ನ್ವಾರ್‌ನಿಂದ ಪಡೆದ ಬಳ್ಳಿಯೊಂದರ ಜೀನೋಮನ್ನು ಓದಿದರು. ಹಣ್ಣಿನ ಬೆಳೆಗಳಲ್ಲಿ ಅದೇ ಮೊದಲು. 2013ರಲ್ಲಿ ‘ರನ್-1’ ಎಂಬ ಜೀನನ್ನು ಬೇರ್ಪಡಿಸಿ ರೋಗಕ್ಕೆ ತುತ್ತಾಗುವ ತಳಿಗಳಿಗೆ ಸೇರಿಸಿದಾಗ ಅವು ಬೂದಿರೋಗವನ್ನು ತಡೆದವು. ಪಿನೊ ನ್ವಾರ್ ಮದ್ಯಕ್ಕೆ ಹೆಸರಾದ ತಳಿ, ನಿಜ. ಆದರೆ ನಾವು ತಿನ್ನುವ ದ್ರಾಕ್ಷಿ, ಒಣದ್ರಾಕ್ಷಿಗಳೂ ಬಹುಮಟ್ಟಿಗೆ ಅದೇ ಜಾತಿಯವು; ನಕ್ಷೆಯ ಪ್ರಯೋಜನ ಅವಕ್ಕೂ ಇದೆ.

ಈಗ ಹೊಸ ಸಸಿ ರೋಗ ತಡೆಯುವ ಜೀನನ್ನು ಪಡೆದಿದೆಯೇ ಎಂದು ತಿಳಿಯಲು ವರ್ಷಗಟ್ಟಲೆ ಕಾಯಬೇಕಿಲ್ಲ, ಒಂದೆಲೆ ಸಾಕು. ಆದರೆ ಒಂದೇ ಜೀನನ್ನು ನಂಬಿದರೆ ಶಿಲೀಂಧ್ರ ಬೇರೆ ದಾರಿ ಹುಡುಕುತ್ತದೆ. ಆದುದರಿಂದಲೇ ತಳಿ ಸಂಶೋಧಕರು ಎರಡು ಮೂರು ಜೀನ್‌ಗಳನ್ನು ಒಟ್ಟಿಗೆ ಸೇರಿಸಲು ದುಡಿಯುತ್ತಿದ್ದಾರೆ.

ಇದು ಪ್ರಯೋಗಾಲಯದವರ ಮಾತೆಂದು ತಳ್ಳಿಹಾಕಬೇಡಿ. ದ್ರಾಕ್ಷಿಯನ್ನು ಮತ್ತೆ ಮತ್ತೆ ತೊಳೆದು ಮಗುವಿನ ಕೈಗಿಡುವ ತಾಯಿಗೂ, ಬೆನ್ನಿಗೆ ಪಂಪು ಹೊತ್ತು ಔಷಧಿಯ ಮಂಜಿನಲ್ಲಿ ಉಸಿರಾಡುವ ಕೂಲಿಯವನಿಗೂ ಈ ನಕ್ಷೆಯಲ್ಲಿ ಪಾಲಿದೆ.