ಮೇಷ್ಟರ ಸಾಮ್ರಾಜ್ಯ

ರಾಜ್ಯವಾಳುವ ಆಸೆ ಮನುಷ್ಯನಿಗೆ ಯಾವ ವಯಸ್ಸಿನಲ್ಲಿ ಹುಟ್ಟುವುದೋ ಹೇಳಬರುವುದಿಲ್ಲ. ಬೆಂಗಳೂರಿನ ನಿವೃತ್ತ ಇತಿಹಾಸದ ಮೇಷ್ಟರೊಬ್ಬರಿಗೆ ಅದು ಎಪ್ಪತ್ತೆರಡನೆಯ ವರ್ಷದಲ್ಲಿ ಹುಟ್ಟಿತು.

ರಜೆಗೆ ಬಂದ ಮೊಮ್ಮಗಳು ಕಂಪ್ಯೂಟರಿನಲ್ಲಿ 'ಸಿವಿಲೈಸೇಷನ್ 6' ಎಂಬ ಆಟವನ್ನು ತೋರಿಸಿದಳು. 2016ರಲ್ಲಿ ಹೊರಬಂದ ಈ ಆಟ ಚದುರಂಗದಂತೆ ಸರದಿಯದು, ಅವಸರವಿಲ್ಲ. ಒಂದು ಜನಾಂಗವನ್ನು ಆರಿಸಿಕೊಂಡು, ಊರು ಕಟ್ಟಿ, ಪ್ರಾಚೀನ ಕಾಲದಿಂದ ಅದನ್ನು ಯುಗಯುಗಗಳ ಮೂಲಕ ಬೆಳೆಸಬೇಕು. ಅವಳು ಪುಣೆಗೆ ಹಿಂದಿರುಗಿದ ಮೇಲೂ ದಿನಕ್ಕೊಂದು ಸರದಿಯಂತೆ ಇಬ್ಬರೂ ದೂರದಿಂದಲೇ ಆಡಬಹುದು. ಅಜ್ಜಿ ತೀರಿಕೊಂಡ ಮೇಲೆ ತಾತನ ಸಂಜೆಗಳು ಬಹಳ ಉದ್ದವಾಗಿವೆಯೆಂದು ಅವಳು ಬಲ್ಲಳು, ಬಾಯಿಬಿಟ್ಟು ಹೇಳಲಿಲ್ಲ.

"ಹೊಸಬರು ರೋಮ್ ಹಿಡಿಯುವುದು ಒಳ್ಳೆಯದು, ತಾತ."

ಮೇಷ್ಟರಿಗೆ ಇದು ಅವಮಾನವೆನಿಸಿತು. "ಚಂದ್ರಗುಪ್ತ ಮೌರ್ಯನೇ ಇರುವಾಗ ಟ್ರಾಜನ್ ಏಕೆ? ಶ್ರವಣಬೆಳಗೊಳಕ್ಕೆ ಬಂದು ದೇಹಬಿಟ್ಟನೆಂಬ ಐತಿಹ್ಯವಿರುವ ದೊರೆ ಕಣೇ!"

ಅಭಿಮಾನವೇನೋ ಸರಿಯೇ. ಆದರೆ ಈ ಆಟದ ಚಂದ್ರಗುಪ್ತನ ಬಲವಿರುವುದು ನೆರೆರಾಜ್ಯಗಳ ಮೇಲಿನ ದಂಡಯಾತ್ರೆಯಲ್ಲಿ. ಅದೂ ಸೈನಿಕ ಶಿಕ್ಷಣವನ್ನು ಸಾಧಿಸಿದ ನಂತರ. ಭಾರತಕ್ಕಿರುವ ಇನ್ನೊಂದು ವರ, ಅದರ ಊರುಗಳಲ್ಲಿ ಮತಗಳು ಹರಡಿದ ಮೇಲೆ ಫಲಿಸುವಂಥದು. ಮೇಷ್ಟರು ಅಲ್ಲಿಯವರೆಗೆ ಕಾಯಲಾರದೆ, ಇದ್ದ ಒಂದೇ ಊರಿನಲ್ಲಿ ಜಗದದ್ಭುತವೊಂದನ್ನು ಕಟ್ಟಲು ಕುಳಿತರು. ಬರ್ಬರರ ಬೇಹುಗಾರನೊಬ್ಬ ಊರನ್ನು ಕಂಡು ಹಿಂದಿರುಗಿದ. ಬೆನ್ನಿಗೇ ದಂಡು ಬಂದು ಹೊಲಗಳನ್ನು ಸೂರೆಗೊಂಡಿತು. ಹೊಸ ಊರು ಕಟ್ಟಲು ಹೊರಟವರನ್ನು ಹಿಡಿದೊಯ್ದಿತು. ಎರಡು ದಿನ ಇದೇ ಕಥೆ. ಮೂರನೆಯ ದಿನ ಮೇಷ್ಟರು ಕನ್ನಡಕ ತೆಗೆದಿಟ್ಟು, "ಇದು ವಯಸ್ಸಾದವರಿಗಲ್ಲಮ್ಮ" ಎಂದರು.

ಮೊಮ್ಮಗಳು ವಾದಿಸಲಿಲ್ಲ. "ತಾತ, ಶಾಲೆಗೆ ಸೇರಿದ ಮಗುವಿಗೆ ಮೊದಲ ದಿನವೇ ಒತ್ತಕ್ಷರ ತಿದ್ದಿಸುತ್ತಾರೆಯೇ?" ಎಂದಳು.

ಮೇಷ್ಟರು ಮತ್ತೆ ಕನ್ನಡಕ ಏರಿಸಿದರು.

ರೋಮಿನ ಗುಣವೇ ಬೇರೆ. ಟ್ರಾಜನ್ ಊರು ಕಟ್ಟಿದೊಡನೆ ಅಲ್ಲಿ ಸ್ಮಾರಕವೊಂದು ತಾನಾಗಿ ಎದ್ದು ನಿಲ್ಲುತ್ತದೆ. ಸಂಸ್ಕೃತಿ ಅಂದಿನಿಂದಲೇ ಬೆಳೆಯುತ್ತದೆ, ಊರಿನ ಎಲ್ಲೆ ಹಿಗ್ಗುತ್ತದೆ. ರಾಜಧಾನಿಯಿಂದ ವ್ಯಾಪಾರ ನಡೆಸುವಷ್ಟು ಸಮೀಪದಲ್ಲಿದ್ದರೆ ರಸ್ತೆಯೂ ತಾನೇ ಬಂದು ಸೇರುತ್ತದೆ. ರೋಮನ್ ಯೋಧನು ಕತ್ತಿ ಹಿಡಿಯುವುದಷ್ಟೇ ಅಲ್ಲ, ರಸ್ತೆಯನ್ನೋ ಕೋಟೆಯನ್ನೋ ಕಟ್ಟಬಲ್ಲ. ಹೊಸಬನು ಮರೆಯುವುದನ್ನು ರೋಮ್ ನೆನಪಿಟ್ಟುಕೊಳ್ಳುತ್ತದೆ. ಬ್ಯಾಬಿಲೋನಿನ ಹಮ್ಮುರಬಿಗಾದರೋ ತಕ್ಕ ಕಾರ್ಯ ಸಾಧಿಸಿದೊಡನೆ ವಿದ್ಯೆಯೊಂದು ಇಡಿಯಾಗಿ ಕೈಸೇರುತ್ತದೆ, ಆದರೆ ದಿನನಿತ್ಯದ ಜ್ಞಾನಸಂಪಾದನೆ ಅರ್ಧಕ್ಕಿಳಿಯುತ್ತದೆ; ಮಾವೋರಿಗಳ ಕುಪೆಯಂತೂ ಕಾಲಿಡಲು ನೆಲವಿಲ್ಲದೆ ನಡುಗಡಲಿನಲ್ಲಿ ಆರಂಭಿಸುತ್ತಾನೆ. ನಿಯಮವನ್ನು ಚೆನ್ನಾಗಿ ಬಲ್ಲವನಿಗೆ ಮಾತ್ರ ಅದನ್ನು ಮೀರುವುದರಲ್ಲಿ ಸುಖ.

ಸುಲಭವೆಂದರೆ ದುರ್ಬಲವಲ್ಲವೆಂಬುದು ಮೇಷ್ಟರಿಗೆ ಆ ಸಂಜೆ ತಿಳಿಯಿತು. ಐದು ಊರುಗಳೆದ್ದವು. ಬರ್ಬರರು ಬಂದರು, ಬಂದ ದಾರಿಯಲ್ಲೇ ಹಿಂದಿರುಗಿದರು. ಅಡಿಗೆಮನೆಯಲ್ಲಿ ಅನ್ನ ಆರಿಹೋದುದು ಇಬ್ಬರಿಗೂ ತಿಳಿಯಲಿಲ್ಲ.

ಹೊರಡುವ ದಿನ, ಗೇಟಿನ ಬಳಿ ಆಟೋ ನಿಂತಿರುವಾಗ, ಮೇಷ್ಟರು ಮೆಲ್ಲನೆ ಕೇಳಿದರು: "ಚಂದ್ರಗುಪ್ತನನ್ನು ಯಾವಾಗ ಹಿಡಿಯಲಿ?"

"ಯುಗಾದಿಗೆ ಬರುತ್ತೇನಲ್ಲ, ಆಗ."

ಆ ರಾತ್ರಿ ರೈಲು ಇನ್ನೂ ಅರ್ಧ ದಾರಿಯನ್ನೂ ಸವೆಸಿರಲಿಲ್ಲ. ಅವಳ ಮೊಬೈಲಿಗೆ ಸಂದೇಶ ಬಂದಿತು: "ನನ್ನ ಸರದಿ ಮುಗಿಯಿತು, ಮಗು. ಇನ್ನು ನಿನ್ನದು."