ಮಾವನವರು ಗುರುತಿಟ್ಟ ಬಾವಿಗಳು

ಊರೊಂದು ನಗರದೊಳಗೆ ಕರಗಿಹೋಗುವಾಗ ಮೊದಲು ಮರೆಯಾಗುವುದು ಅದರ ಬಾವಿಗಳು. ನಾಯಂಡಹಳ್ಳಿಯನ್ನು ಇಂದು ಹೆಚ್ಚಿನವರು ಬಲ್ಲದ್ದು ಮೈಸೂರು ರಸ್ತೆಗೆ ಹೊರವರ್ತುಲ ರಸ್ತೆ ಬಂದು ಕೂಡುವ ಗದ್ದಲದ ಜಂಕ್ಷನ್ ಎಂದು. 2021ರ ಆಗಸ್ಟ್ ತಿಂಗಳಿನಿಂದೀಚೆಗೆ ಮೆಟ್ರೊ ನಿಲ್ದಾಣವೆಂದು. ವೃಷಭಾವತಿಯ ದಂಡೆಯಲ್ಲಿ ಸೊಪ್ಪಿನ ತೋಟಗಳಿದ್ದವು, ತೋಟಕ್ಕೊಂದು ಬಾವಿಯಿತ್ತು ಎಂದರೆ ಮಕ್ಕಳು ನಮ್ಮ ಮುಖವನ್ನೇ ನೋಡುತ್ತಾರೆ.

ನನ್ನ ಸೋದರಮಾವನವರು ನಿವೃತ್ತರಾದ ಮೇಲೆ, ಹೊರದೇಶದಲ್ಲಿದ್ದ ಮಗ ತಂದುಕೊಟ್ಟ ಗಾರ್ಮಿನ್ ಇ-ಟ್ರೆಕ್ಸ್ ಎಂಬ ಅಂಗೈಯಗಲದ ಹಳದಿ ಜಿಪಿಎಸ್ ಉಪಕರಣವನ್ನು ಹಿಡಿದು, ಇಲ್ಲಿಂದ ಕೆಂಗೇರಿಯವರೆಗೂ ನಡೆದಾಡುತ್ತಿದ್ದರು. ಬಾವಿ ಕಂಡರೆ ಒಂದು ಗುರುತು, ಗಡಿಕಲ್ಲು ಕಂಡರೆ ಒಂದು ಗುರುತು, ಹಳೆಯ ಹುಣಸೆಮರ ಕಂಡರೆ ಮತ್ತೊಂದು. ಉಪಗ್ರಹಗಳಿಂದ ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುವ ಪದ್ಧತಿಯನ್ನು ಅಮೆರಿಕ ಕೈಬಿಟ್ಟದ್ದು 2000ದ ಮೇ ತಿಂಗಳಲ್ಲಿ. ಅದಕ್ಕೆ ಮುಂಚೆ ಸುಮಾರು 100 ಮೀಟರಿನಷ್ಟು ವ್ಯತ್ಯಾಸವಾಗಬಹುದಿತ್ತು. ಆಮೇಲೆ, ತೆರೆದ ಆಕಾಶವಿದ್ದರೆ, ಅಂತಹ ಪುಟ್ಟ ಉಪಕರಣವೂ ಸುಮಾರು 15 ಮೀಟರಿನೊಳಗೆ ಜಾಗವನ್ನು ತೋರಿಸತೊಡಗಿತು. ಬಾವಿಯೊಂದನ್ನು ಗುರುತಿಸಲು ಅಷ್ಟು ಸಾಕು.

ಮಾವನವರು ತೀರಿಕೊಂಡ ಬಳಿಕ ಅತ್ತೆ ಅದನ್ನು ಬಟ್ಟೆಯ ಚೀಲದಲ್ಲಿಟ್ಟು ತಂದುಕೊಟ್ಟರು. "ನಿಮ್ಮ ಮಾವ ಓಡಾಡಿದ್ದೆಲ್ಲ ಇದರಲ್ಲೇ ಇದೆಯಂತೆ. ತೆಗೆಯೋಕೆ ಆಗುತ್ತೇನಪ್ಪಾ?" ಎಂದರು.

ಎರಡು ಪೆನ್ಸಿಲ್ ಸೆಲ್ ಹಾಕಿದೊಡನೆ ಉಪಕರಣ ಎಚ್ಚೆತ್ತಿತು. ಸೆಲ್ ಇಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೂ ಗುರುತುಗಳು ಅಳಿಯದಂತೆ ಅದರ ಸ್ಮರಣೆಯನ್ನು ರೂಪಿಸಿದ್ದಾರೆ. 500 ಗುರುತುಗಳಿಗೆ ಜಾಗವಿದ್ದಲ್ಲಿ ಮಾವನವರು ಉಳಿಸಿದ್ದು 214. ಒಂದೊಂದನ್ನೇ ನೋಡಿ ಕೈಯಲ್ಲಿ ಬರೆದುಕೊಳ್ಳಬಹುದಿತ್ತು. ಆದರೆ ಒಂದು ಅಂಕಿ ಹೆಚ್ಚುಕಡಿಮೆಯಾದರೆ ಬಾವಿ ಪಕ್ಕದ ಬಡಾವಣೆಗೆ ಹೋಗಿಬಿಡುತ್ತದೆ. ಲ್ಯಾಪ್‌ಟಾಪಿಗೆ ಜೋಡಿಸುವುದೇ ಸರಿಯಾದ ದಾರಿ.

ತೊಡಕು ಇದ್ದದ್ದು ಅಲ್ಲಿಯೇ. ಉಪಕರಣದ ಬೆನ್ನಿನ ರಬ್ಬರ್ ಮುಚ್ಚಳದಡಿಯಿಂದ ಹೊರಡುವ ಕೇಬಲ್ಲಿನ ಇನ್ನೊಂದು ತುದಿ ಒಂಬತ್ತು ಪಿನ್ನುಗಳ ಸೀರಿಯಲ್ ಪೋರ್ಟನ್ನು ಕೇಳುತ್ತದೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಅದು ಇಲ್ಲ. ಎಸ್.ಪಿ. ರಸ್ತೆಯಿಂದ ಯುಎಸ್‌ಬಿ ಅಡಾಪ್ಟರ್ ತಂದು ಚುಚ್ಚಿದಾಗ, ಗಣಕದ ಸಾಧನಪಟ್ಟಿಯಲ್ಲಿ ಅದರ ಹೆಸರಿನ ಪಕ್ಕ ಹಳದಿ ಎಚ್ಚರಿಕೆಯ ಗುರುತು ಕಂಡಿತು. ಅಡಾಪ್ಟರಿನೊಳಗಿನ ಚಿಪ್ಪು ಹಳೆಯದು, ಗಣಕದಲ್ಲಿದ್ದ ಡ್ರೈವರ್ ಹೊಸದು; ಹೊಸದು ಹಳೆಯದನ್ನು ಗುರುತಿಸಲೊಲ್ಲದು. ಬೇರೆ ಚಿಪ್ಪಿನ ಇನ್ನೊಂದು ಅಡಾಪ್ಟರ್ ತಂದಾಗ ಆ ಗುರುತು ಹೋಯಿತು. ಕೇಬಲ್ಲಿನ ತುದಿಯ ಲೋಹವನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದ್ದಾಯಿತು. ಆದರೂ ಗುರುತುಗಳು ಬರಲಿಲ್ಲ.

ಇಂತಹ ಹಳೆಯ ಉಪಕರಣ ಮನೆಯಲ್ಲಿರುವವರು ಇನ್ನು ಮುಂದಿನದನ್ನು ಗಮನಿಸಬೇಕು. ಈ ಉಪಕರಣಕ್ಕೆ ಒಂದಕ್ಕಿಂತ ಹೆಚ್ಚು ಭಾಷೆಗಳು ಬರುತ್ತವೆ. ಒಂದು, ಹಡಗುಗಳ ಉಪಕರಣಗಳಿಗಾಗಿ ರೂಪುಗೊಂಡ ಎನ್ಎಂಇಎ ಎಂಬ ಕ್ರಮ. ಅದರ ರೂಢಿಯ ವೇಗ ಸೆಕೆಂಡಿಗೆ 4800 ಬಿಟ್. ಇನ್ನೊಂದು, ತಯಾರಕರದೇ ಆದ ಗಾರ್ಮಿನ್ ಕ್ರಮ, ಅದರದು 9600. ಮೊದಲನೆಯದರಲ್ಲಿ ಉಪಕರಣ 'ನಾನೀಗ ಇಲ್ಲಿದ್ದೇನೆ, ಇಲ್ಲಿದ್ದೇನೆ' ಎಂದು ಎಡೆಬಿಡದೆ ನುಡಿಯುತ್ತಿರುತ್ತದೆ. ಕೂಡಿಟ್ಟ ಗುರುತುಗಳ ಪಟ್ಟಿ ಕೇಳಿದರೆ ಕಿವಿಗೊಡುವುದಿಲ್ಲ. ಎರಡನೆಯದರಲ್ಲಿ ಮಾತ್ರ ಪಟ್ಟಿಯನ್ನು ಒಪ್ಪಿಸುತ್ತದೆ. ಮಾವನವರು ಎಂದೋ ಅದನ್ನು ಎನ್ಎಂಇಎ ಕ್ರಮಕ್ಕೆ ತಿರುಗಿಸಿಟ್ಟಿದ್ದರು. ಪ್ರಾಯಶಃ ನಡೆಯುವ ದಾರಿಯನ್ನು ಗಣಕದ ನಕಾಶೆಯಲ್ಲಿ ಆಗಿಂದಾಗಲೇ ನೋಡುವ ಆಸೆಯಿಂದ ಇರಬೇಕು. ಅವರ ಉತ್ಸಾಹವೇ ಅಂಥದ್ದು. ಸೆಟ್ಟಿಂಗಿನೊಳಗೆ ಹೋಗಿ ಗಾರ್ಮಿನ್ ಕ್ರಮಕ್ಕೆ ಬದಲಿಸಿದೆ. ಪೋರ್ಟನ್ನು ಹಿಡಿದುಕೊಂಡಿದ್ದ ಇನ್ನೊಂದು ತಂತ್ರಾಂಶವನ್ನೂ ಮುಚ್ಚಬೇಕಾಯಿತು, ಏಕೆಂದರೆ ಒಂದು ಪೋರ್ಟಿನಲ್ಲಿ ಒಮ್ಮೆಗೆ ಒಬ್ಬರೇ ಮಾತನಾಡಬಹುದು.

ಗುರುತುಗಳನ್ನು ಇಳಿಸಿಕೊಂಡದ್ದು ಜಿಪಿಎಸ್‌ಬಾಬೆಲ್ ಎಂಬ ಉಚಿತ ತಂತ್ರಾಂಶದಿಂದ. ಒಂದು ಉಪಕರಣದ ಭಾಷೆಯನ್ನು ಇನ್ನೊಂದಕ್ಕೆ ತಿಳಿಯುವಂತೆ ಮಾಡುವುದು ಅದರ ಕೆಲಸ. ಆದಿಕಾಂಡ ಓದಿದವರಿಗೆ ಆ ಹೆಸರು ನಗು ತರಿಸದಿರದು. ಅರೆ ನಿಮಿಷವೂ ಹಿಡಿಯಲಿಲ್ಲ. 214 ಗುರುತುಗಳೂ ಜಿಪಿಎಕ್ಸ್ ಎಂಬ ಸರಳ ಕಡತವಾಗಿ ಲ್ಯಾಪ್‌ಟಾಪಿನೊಳಕ್ಕೆ ಬಂದವು.

ನಕಾಶೆಯ ಮೇಲೆ ಅವುಗಳನ್ನು ಹರಡಿದಾಗ ಮನೆಯವರೆಲ್ಲ ಸುತ್ತ ಕುಳಿತೆವು. ಏಳನೆಯ ಬಾವಿ ಈಗ ವಾಹನಗಳು ಸಾಲುಗಟ್ಟಿ ನಿಲ್ಲುವ ರಸ್ತೆಯ ನಟ್ಟನಡುವೆ ಇದೆ. ಇನ್ನೆರಡು ಬಾವಿಗಳು ವಸತಿ ಸಮುಚ್ಚಯವೊಂದರ ತಳಮಾಳಿಗೆಯಲ್ಲಿ ಸೇರಿಹೋಗಿವೆ. ಅಂತಹ ಕಟ್ಟಡಗಳಿಗೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬರುವುದನ್ನು ಕಂಡಾಗ, ಈ ಪಟ್ಟಿ ನಮ್ಮ ಮನೆಯ ನೆನಪಿಗಷ್ಟೇ ಸೇರಿದ್ದಲ್ಲ ಎನಿಸುತ್ತದೆ.

ಹೆಸರುಗಳದ್ದು ಬೇರೆ ಸಮಸ್ಯೆ. ಒಂದು ಗುರುತಿಗೆ ಆ ಉಪಕರಣ ಆರೇ ಇಂಗ್ಲಿಷ್ ಅಕ್ಷರಗಳನ್ನು ಕೊಡುತ್ತದೆ. ಮಾವನವರು ಕನ್ನಡದ ಹೆಸರುಗಳನ್ನು ಅಷ್ಟರಲ್ಲೇ ಹಿಂಡಿ ತುಂಬಿಸಿದ್ದರು. 'ಜಿಡಿಕೆಎಎಲ್' ಎಂದಿದ್ದದ್ದು ಗಡಿಕಲ್ಲು ಎಂದು ಅತ್ತೆಗೆ ಕೂಡಲೇ ಹೊಳೆಯಿತು. ಪಟ್ಟಣಗೆರೆಯ ಬಳಿ 'ಟಿವಿಆರ್' ಎಂದಿದ್ದುದನ್ನು ನನ್ನ ಮಗಳು ಮೊಬೈಲ್ ಟವರ್ ಎಂದು ಓದಿದಳು. ಅತ್ತೆ ಕನ್ನಡಕ ಸರಿಪಡಿಸಿಕೊಂಡು ಆ ಚುಕ್ಕೆಯ ಸುತ್ತಲಿನ ರಸ್ತೆಗಳನ್ನು ಬಹಳ ಹೊತ್ತು ನೋಡಿದರು.

"ಟವರ್ ಅಲ್ಲಮ್ಮಾ, ತವರು" ಎಂದರು. "ನಮ್ಮಪ್ಪನ ತೋಟ ಇದ್ದ ಜಾಗ. ನನಗೆ ಹೇಳೇ ಇರಲಿಲ್ಲ ನೋಡು."

ಇನ್ನೂ ಹತ್ತೊಂಬತ್ತು ಹೆಸರುಗಳನ್ನು ಬಿಡಿಸುವುದು ಬಾಕಿಯಿದೆ. ಭಾನುವಾರ ಮಧ್ಯಾಹ್ನ ಬರುವುದಾಗಿ ಅತ್ತೆ ಹೇಳಿಕಳುಹಿಸಿದ್ದಾರೆ.