ಸ್ಕರ್ಟ್ ಅಂದ್ರ ಬರೇ ಪರಕಾರ ಅಲ್ಲ

ನನ್ನ ಮಗಳು ಬ್ಯಾಂಕಿನ ಪರೀಕ್ಷಾಕ್ಕ ಓದಾಕತ್ತು ಎರಡ ವರ್ಷ ಆತು. ಲೆಕ್ಕ ಅಂದ್ರ ಆಕಿಗೆ ನೀರು ಕುಡದಂಗ. ಇಂಗ್ಲಿಷಿನ ಸಮಾನಾರ್ಥಕ ಪದ ಬಂತಂದ್ರ ಮಾತ್ರ ಮಾರಿ ಸಣ್ಣದ ಮಾಡ್ತಾಳ. ಅದಕ್ಕ ದಿನಾ ಸಂಜೀಕೆ ನಾ ಮೆಂತ್ಯಪಲ್ಲೆ ಸೋಸ್ಕೋತ ಆಕಿ ಪುಸ್ತಕ ಮುಂದ ಇಟ್ಕೊಂಡು ಪ್ರಶ್ನಿ ಕೇಳೋದು, ಆಕಿ ರೊಟ್ಟಿ ಬಡ್ಕೋತ ಉತ್ತರ ಹೇಳೋದು. ನಾ ಓದಿದ್ದು ಪಿಯುಸಿ ತನಕ. ಓದಾಕೇನೋ ಬರ್ತೈತಿ, ಅರ್ಥ ಆದ್ರ ಆತು, ಇಲ್ಲಂದ್ರ ಇಲ್ಲ.

ಹೋದ ವಾರ "ಸ್ಕರ್ಟ್" ಅನ್ನೋ ಪದ ಬಂತು. "ಇದೇನ ದೊಡ್ಡ ಪ್ರಶ್ನಿ, ಸ್ಕರ್ಟ್ ಅಂದ್ರ ಪರಕಾರ" ಅಂದೆ. ನಮ್ಮ ಕಡೆ ಸಣ್ಣ ಹುಡುಗ್ಯಾರು ಉಡೂದು ಪರಕಾರನ ಅಲ್ಲೇನ್ರಿ? ಮಗಳು ನಕ್ಕಳು. "ಅವ್ವಾ, ಇಲ್ಲಿ ಅದು ಕ್ರಿಯಾಪದ. ಅವಾಯ್ಡ್, ಇವೇಡ್, ಡಾಡ್ಜ್, ಬೈಪಾಸ್, ಸೈಡ್‌ಸ್ಟೆಪ್" ಅಂತ ಐದು ಪದ ಒಂದ ಉಸುರಿಗೆ ಹೇಳಿದ್ಲು.

"ಎಲ್ಲಾ ಒಂದ ಆದ್ರ ಐದು ಯಾಕ ಬೇಕ?" ಅಂದೆ. ಅಡಗಿಮನ್ಯಾಗ ಐದು ಡಬ್ಬಿ ಇಟ್ಟಿದ್ರ ಐದರಾಗೂ ಸಕ್ಕರಿ ತುಂಬಿರ್ತೀವೇನು? ಆಕಿನೂ ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕಿ ವಿಚಾರ ಮಾಡಾಕತ್ಲು. ಇಬ್ರೂ ಕೂಡಿ ಒಂದೊಂದಕ್ಕ ನಮ್ಮ ಉದಾಹರಣಿ ಹುಡುಕಿದ್ವಿ. ಅವಾಯ್ಡ್ ಅಂದ್ರ ಶುಗರ್ ಇದ್ದವರು ಹೋಳಿಗಿ ಬ್ಯಾಡ ಅನ್ನೋದು. ಅದರಾಗ ತಪ್ಪಿಲ್ಲ. ಇವೇಡ್ ಅಂದ್ರ ಕರ ಕಟ್ಟದ ನುಣುಚಿಕೊಳ್ಳೋದು, ಅದರಾಗ ಒಂಚೂರು ಕಳ್ಳತನ ಸೇರೇತಿ. ಡಾಡ್ಜ್ ಅಂದ್ರ ಹೋರಿ ಹಾಯಾಕ ಬಂದಾಗ ಚಟ್ಟನ ಮಗ್ಗಲಕ್ಕ ಸರಿಯೋದು. ಬೈಪಾಸ್ ಅಂತೂ ಹುಬ್ಬಳ್ಳಿ-ಧಾರವಾಡದ ಮಂದಿಗೆ ಹೇಳೋದ ಬ್ಯಾಡ. ಪುಣೆ-ಬೆಂಗಳೂರು ಗಾಡಿ ಊರಾಗ ಬರದ ಹೊರಗಿಂದ ಹೊರಗ ಹೋಗ್ತಾವ.

ಸ್ಕರ್ಟ್ ಮಾಡೋದು ಇವೆಲ್ಲಕ್ಕಿಂತ ಬ್ಯಾರೆ. ಅಂಚು ಹಿಡಕೊಂಡು ಹೋಗೋದು ಅದು. ಕೆರಿ ದಂಡಿ ಗುಂಟ ರಸ್ತಾ ಹೋದ್ರೂ ಸ್ಕರ್ಟ್ ಅಂತಾರಂತ. ನಡುವಿನ ವಿಷಯಕ್ಕ ಕೈ ಹಚ್ಚದ ಅದರ ಸುತ್ತ ಮಾತಾಡಿದ್ರೂ ಸ್ಕರ್ಟ್. ಊರ ಹೊರವಲಯಕ್ಕ ಔಟ್‌ಸ್ಕರ್ಟ್ಸ್. ಕಡೀಗೆ 'ಸ್' ಬಿಡಬಾರದು ಅಂತ ಮಗಳು ತಾಕೀತು ಮಾಡಿದ್ಲು. ಆವಾಗ ನನಗ ಹೊಳೀತು, ಮನಿ ಕಟ್ಟಸೋವಾಗ ಗೌಂಡಿ "ಸ್ಕರ್ಟಿಂಗ್ ನಾಕಿಂಚು ಸಾಕೇನ್ರಿ ಅಕ್ಕಾರ?" ಅಂತ ಕೇಳಿದ್ದ. ನೆಲಾ ಮತ್ತ ಗ್ವಾಡಿ ಕೂಡೋ ಜಾಗದಾಗ ಸುತ್ತೂ ಹಚ್ಚೋ ಪಟ್ಟಿ. ಸಂದಿ ಮುಚ್ಚತೈತಿ, ನೆಲಾ ಒರಸೋ ನೀರು ಗ್ವಾಡಿಗೆ ಹತ್ತಂಗಿಲ್ಲ. ಇಷ್ಟ ವರ್ಷ ದಿನಾ ಒರಸೇನಿ, ಅದು ಮನಿಗೆ ಉಡಿಸಿದ ಪರಕಾರ ಅಂತ ಗೊತ್ತಾಗಿರಲಿಲ್ಲ ನೋಡ್ರಿ.

ನಮ್ಮಲ್ಲೇನು ಪದಕ್ಕ ಬರಾ ಇಲ್ಲ. ಹೊಲಕ್ಕ ಬದು, ಕೆರಿಗೆ ದಂಡಿ, ತಾಟಿಗೆ ಅಂಚು, ಸೀರಿಗೆ ದಡಿ. ಇಳಕಲ್ ಸೀರ್ಯಾಗ ಸೆರಗಿನ ನೂಲು ಬ್ಯಾರೆ, ಒಡಲಿನ ನೂಲು ಬ್ಯಾರೆ, ಎರಡಕ್ಕೂ ಕೊಂಡಿ ಹಾಕಿ ಜೋಡಸ್ತಾರ. ತಪ್ಪಿಸಿ ಮಾತಾಡೋದಕ್ಕ ನಾವು "ಸುತ್ತಿ ಬಳಸಿ" ಅಂತೀವಿ. ಬಳಸೋದು ಅಂದ್ರ ಉಪಯೋಗಾ ಮಾಡೋದೂ ಹೌದು, ಸುತ್ತು ಹಾಕೋದೂ ಹೌದು.

ಇಷ್ಟೆಲ್ಲಾ ಶಾಣ್ಯಾತನ ಮಾತಾಡಾಕತ್ತಿದ್ದೆ, ಅಷ್ಟರಾಗ ಫೋನ್ ಬಂತು. ಅಣ್ಣಂದು. ನೋಡಿ ಮಕಾಡೆ ಇಟ್ಟೆ. ಮಗಳು ಲಟ್ಟಣಿಗಿ ತೋರಿಸಿ, "ಅವ್ವಾ, ಈಗ ನೀ ಮಾಡಿದ್ದಕ್ಕ ಯಾವ ಪದ?" ಅಂದ್ಲು.

ನಿಮಗ ಹೇಳ್ತೀನಿ. ಅಪ್ಪ ತೀರಿಕೊಂಡು ಒಂದ ವರ್ಷ ಆತು. ಅಜ್ಜನ ಕಾಲದಿಂದ ಬಂದ ಐದ ಎಕರೆ ಎರಿ ಹೊಲ ಐತಿ. ಇರೋರು ನಾವಿಬ್ರ, ಅಣ್ಣ ಮತ್ತ ನಾನು. ಮೂರು ತಿಂಗಳ ಹಿಂದ ಅಣ್ಣ ವಾಟ್ಸಾಪಿಗೆ ಒಂದ ಪತ್ರ ಕಳಿಸಿದ, ಹಕ್ಕು ಬಿಟ್ಟ ಪತ್ರ. "ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ" ಅಂತ ನನ್ನ ಪರವಾಗಿ ಮೊದಲ ಬರಸ್ಯಾನ. ಕೆಳಗ ಚೆಕ್ಕುಬಂದಿ. ಪೂರ್ವಕ್ಕ ಹಳ್ಳ, ಪಶ್ಚಿಮಕ್ಕ ಬಂಡಿ ದಾರಿ, ಉತ್ತರ ದಕ್ಷಿಣಕ್ಕ ಮಂದಿ ಹೊಲ. ಸಣ್ಣಾಕಿದ್ದಾಗ ಪರಕಾರ ಎತ್ತಿ ಹಿಡಕೊಂಡು ಅಪ್ಪಗ ಬುತ್ತಿ ಒಯ್ತಿದ್ದ ಬದು ಅವು. ಓದಿ ಕಣ್ಣ ತುಂಬಿ ಬಂತು.

ಅವತ್ತಿಂದ ಅಣ್ಣ ಫೋನ್ ಮಾಡಿದ್ರ ಮಳಿ ಹೆಂಗೈತಿ, ವೈನಿ ಮೊಣಕಾಲು ಹೆಂಗೈತಿ ಅಂತ ಕೇಳ್ತೀನಿ. ಪತ್ರದ ಮಾತು ತಗದ ಕೂಡ್ಲೆ "ಕುಕ್ಕರ್ ಕೂಗಾಕತ್ತೈತಿ ಅಣ್ಣಾ, ಆಮ್ಯಾಲೆ ಮಾಡ್ತೀನಿ." ಮೂರು ತಿಂಗಳಾಗ ನಮ್ಮನಿ ಕುಕ್ಕರ್ ಎಷ್ಟ ಕೂಗೇತೋ ಏನೋ.

ಕಾಯ್ದೆ ನನಗ ಗೊತ್ತಿಲ್ಲ ಅಂತಲ್ಲ. 2005ರ ಸೆಪ್ಟೆಂಬರ್ 9ರಿಂದ ಹಿರಿಯರ ಆಸ್ತ್ಯಾಗ ಹೆಣ್ಮಗಳಿಗೂ ಹುಟ್ಟಿನಿಂದನ ಗಂಡ್ಮಗನಷ್ಟ ಹಕ್ಕು ಬಂದೈತಿ. ಅದಕ್ಕೂ ಮೊದಲ, 1994ರಾಗ, ಕರ್ನಾಟಕದಾಗ ಅಂಥದ್ದೊಂದು ತಿದ್ದುಪಡಿ ಬಂದಿತ್ತು, ಆದ್ರ ಅದಕ್ಕಿಂತ ಮೊದಲ ಮದವಿ ಆದವರಿಗೆ ಅನ್ವಯ ಇರಲಿಲ್ಲ. 2020ರಾಗ ಸುಪ್ರೀಂ ಕೋರ್ಟ್, 2005ರಾಗ ಅಪ್ಪ ಬದುಕಿರಬೇಕು ಅಂತೇನಿಲ್ಲ ಅಂತನೂ ಹೇಳೇತಿ. ಇದೆಲ್ಲಾ ಮಗಳು ಓದಿ ಹೇಳ್ಯಾಳ. ಕಾಯ್ದೆ ನಡುವ ಇರೋ ಮಾತು. ನನ್ನ ಅಂಜಿಕಿ ಅಂಚಿನಾಗೈತಿ. ಪಂಚಮಿ ಹಬ್ಬಕ್ಕ ಅಣ್ಣ ಕರಿಯಾಕ ಬರ್ತಾನ. ಬರೋವಾಗ ವೈನಿ ಉಡಿ ತುಂಬತಾಳ. ನಾ ಸೆರಗು ಒಡ್ಡಿ ನಿಂತಾಗ ಅಕ್ಕಿ, ಕೊಬ್ಬರಿ, ಕುಬಸದ ಕಣ ಬೀಳ್ತಾವಲ್ಲ, ಅದ ಸೆರಗು ಒಡ್ಡಿ ಹೊಲ ಕೇಳಿದ್ರ ನಾಳೆ ಉಡಿ ತುಂಬೋರು ಯಾರು? ಸಹಿ ಮಾಡಿದ್ರ ಹೊಲ ಹೋಗ್ತೈತಿ, ಮಾಡಲಿಲ್ಲಂದ್ರ ತವರ ಹೋಗ್ತೈತಿ ಅಂತ ನಡು ಬಿಟ್ಟು ಸುತ್ತಾ ತಿರಗಾಕತ್ತಿದ್ದೆ.

ರೊಟ್ಟಿ ಮುಗಿಸಿ ಮಗಳು ನಿಘಂಟು ತಗದ್ಲು. "ಇಲ್ಲಿ ನೋಡವ್ವಾ, ಶರ್ಟ್ ಮತ್ತ ಸ್ಕರ್ಟ್ ಎರಡೂ ಒಂದ ಬೇರಿಂದ ಬಂದ ಪದ. ಹಳೇ ನಾರ್ಸ್ ಭಾಷಾದಾಗ ಸ್ಕಿರ್ತ ಅಂದ್ರ ಅಂಗಿ" ಅಂತ ಓದಿದ್ಲು. ಅಂಗಿ ಹಾಕ್ಕೊಂಡವಾ, ಪರಕಾರ ಉಟ್ಟಾಕಿ, ಇಬ್ರೂ ಒಂದ ಹೊಟ್ಯಾಗ ಹುಟ್ಟಿದವರು! ಮಗಳು ಪರೀಕ್ಷಾಕ್ಕಂತ ಓದಿದ್ದು. ನನಗ ಮಾತ್ರ ಯಾರೋ ಬೆನ್ನ ಮ್ಯಾಲೆ ಕೈ ಇಟ್ಟಂಗ ಆತು.

ಫೋನ್ ತಗೊಂಡೆ. ಮಳಿ ಕೇಳಲಿಲ್ಲ, ಮೊಣಕಾಲು ಕೇಳಲಿಲ್ಲ. "ಅಣ್ಣಾ, ಆ ಪತ್ರಕ್ಕ ನಾ ಸಹಿ ಮಾಡಂಗಿಲ್ಲ. ಹೊಲ ಉಳೋನು ನೀನ, ಬೆಳಿ ನಿಂದ. ಆದ್ರ ನನ್ನ ಪಾಲು ಉತಾರದಾಗ ನನ್ನ ಹೆಸರಿಗೆ ಇರ್ಲಿ. ಅಪ್ಪನ ಹೊಲದಾಗ ನನ್ನ ಹೆಸರು ನಾನ ಅಳಸಾಕ ನನ್ನಿಂದ ಆಗಂಗಿಲ್ಲ" ಅಂದೆ. ಧ್ವನಿ ನಡಗಾಕತ್ತಿತ್ತು, ಮಾತು ನಿಲ್ಲಸಲಿಲ್ಲ.

ಆ ಕಡಿಂದ ಭಾಳ ಹೊತ್ತು ಸಪ್ಪಳಿಲ್ಲ. ಆಮ್ಯಾಲೆ, "ಎತ್ತಿಗೆ ನೀರು ಕುಡಸೂದೈತಿ ತಂಗಿ, ಪಂಚಮಿಗೆ ಬರ್ತೀಯಲ್ಲ, ಆವಾಗ ಕೂತು ಮಾತಾಡೋಣು" ಅಂದ.

ಫೋನ್ ಇಟ್ಟೆ. ಮಗಳು ಬುಟ್ಟಿಗೆ ರೊಟ್ಟಿ ಹಾಕ್ಕೋತ, "ಮಾಮಾನೂ ಸ್ಕರ್ಟ್ ಮಾಡಿದ ನೋಡವ್ವಾ" ಅಂದ್ಲು. ಇರಬಹುದು. ಆದ್ರ ಪಂಚಮಿಗೆ ಬಾ ಅಂದಾನಲ್ಲ. ಉಂಡಿ ಕಟ್ಟಾಕ ಶೇಂಗಾ ಹುರಿಯೋದೈತಿ, ಬರ್ತೀನ್ರಿ.